ಸ್ಟೀಫನ್ ಹೈಮರ್

ಸ್ಟೀಫನ್ ಹರ್ಬರ್ಟ್ ಹೈಮರ್ (ನವೆಂಬರ್ 15, 1934 – ಫೆಬ್ರವರಿ 2, 1974) ಕೆನಡಾ ದೇಶದ ಅರ್ಥಶಾಸ್ತ್ರಜ್ಞರು. ಬಹುರಾಷ್ಟ್ರೀಯ ಕಂಪನಿಗಳ ಕುರಿತಾದ ಆಧುನಿಕ ಸಿದ್ಧಾಂತಕ್ಕೆ ಅಡಿಪಾಯ ಹಾಕಿದವರಲ್ಲಿ ಇವರು ಪ್ರಮುಖರು. 1960ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಗೆ (ಎಂ.ಐ.ಟಿ.) ಇವರು ಸಲ್ಲಿಸಿದ ಪಿಎಚ್.ಡಿ. ಮಹಾಪ್ರಬಂಧವು ಅಂತರರಾಷ್ಟ್ರೀಯ ವ್ಯವಹಾರ ಎಂಬ ಅಧ್ಯಯನ ಶಾಖೆಯ ಮೂಲಗ್ರಂಥಗಳಲ್ಲಿ ಒಂದೆಂದು ಮನ್ನಣೆ ಪಡೆದಿದೆ. ಆದರೆ ಅದು ಪುಸ್ತಕರೂಪದಲ್ಲಿ ಹೊರಬಂದದ್ದು 16 ವರ್ಷಗಳ ನಂತರ, 1976ರಲ್ಲಿ. ಅಷ್ಟರಲ್ಲಿ ಲೇಖಕರು ತೀರಿಕೊಂಡು ಎರಡು ವರ್ಷಗಳಾಗಿದ್ದವು.

ಜನನ ಮತ್ತು ವಿದ್ಯಾಭ್ಯಾಸ

ಹೈಮರ್ ಅವರು ಕೆನಡಾದ ಕ್ವಿಬೆಕ್ ಪ್ರಾಂತ್ಯದ ಮಾಂಟ್ರಿಯಲ್ ನಗರದಲ್ಲಿ ಜನಿಸಿದರು. ಅದೇ ನಗರದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಮತ್ತು ಅರ್ಥಶಾಸ್ತ್ರಗಳನ್ನು ಅಭ್ಯಾಸ ಮಾಡಿ 1955ರಲ್ಲಿ ಬಿ.ಎ. ಪದವಿ ಪಡೆದರು. ಅನಂತರ ಎಂ.ಐ.ಟಿ. ಸೇರಿ, ಅಂತರರಾಷ್ಟ್ರೀಯ ಅರ್ಥಶಾಸ್ತ್ರದಲ್ಲಿ ಹೆಸರಾಂತ ವಿದ್ವಾಂಸರಾಗಿದ್ದ ಚಾರ್ಲ್ಸ್ ಕಿಂಡಲ್‌ಬರ್ಗರ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ಕೈಗೊಂಡರು. ಕೆನಡಾದ ಕೈಗಾರಿಕೆಗಳಲ್ಲಿ ಹೆಚ್ಚಿನ ಪಾಲು ಅಮೆರಿಕದ ಕಂಪನಿಗಳ ಒಡೆತನದಲ್ಲಿದ್ದ ಕಾಲವದು. ಹೀಗಾಗಿ ವಿದೇಶಿ ಒಡೆತನವೆಂಬುದು ಅವರ ತಾಯ್ನಾಡಿನ ಜ್ವಲಂತ ಪ್ರಶ್ನೆಯೂ ಆಗಿತ್ತು.

ಮಹಾಪ್ರಬಂಧ

ಪ್ರಬಂಧದ ಶೀರ್ಷಿಕೆ 'ದಿ ಇಂಟರ್‌ನ್ಯಾಷನಲ್ ಆಪರೇಷನ್ಸ್ ಆಫ್ ನ್ಯಾಷನಲ್ ಫರ್ಮ್ಸ್', ಅಂದರೆ ರಾಷ್ಟ್ರೀಯ ಉದ್ಯಮಗಳ ಅಂತರರಾಷ್ಟ್ರೀಯ ಕಾರ್ಯಾಚರಣೆ. ಅದುವರೆಗೆ ಅರ್ಥಶಾಸ್ತ್ರಜ್ಞರು ವಿದೇಶಗಳಿಗೆ ಹರಿಯುವ ಬಂಡವಾಳವನ್ನೆಲ್ಲ ಒಂದೇ ಬಗೆಯದೆಂದು ಎಣಿಸಿದ್ದರು. ನೀರು ತಗ್ಗಿನ ಕಡೆಗೆ ಹರಿಯುವಂತೆ ಹಣವು ಬಡ್ಡಿದರ ಕಡಿಮೆ ಇರುವ ದೇಶದಿಂದ ಹೆಚ್ಚು ಇರುವ ದೇಶಕ್ಕೆ ಹರಿಯುತ್ತದೆ ಎಂಬುದು ಆಗಿನ ಸಾಮಾನ್ಯ ತಿಳಿವಳಿಕೆ. ಹೈಮರ್ ಎರಡು ಬಗೆಯ ಹೂಡಿಕೆಗಳನ್ನು ಬೇರ್ಪಡಿಸಿದರು. ಬಾಂಡು, ಷೇರುಗಳನ್ನು ಕೊಂಡು ಬಡ್ಡಿ ಅಥವಾ ಲಾಭಾಂಶಕ್ಕಷ್ಟೇ ಕಾಯುವುದು ಪೋರ್ಟ್‌ಫೋಲಿಯೋ ಹೂಡಿಕೆ. ಉದ್ಯಮದ ಆಡಳಿತವನ್ನೇ ಕೈಯಲ್ಲಿಟ್ಟುಕೊಳ್ಳುವುದು ನೇರ ಹೂಡಿಕೆ. ನಿಯಂತ್ರಣವೇ ಇವೆರಡನ್ನು ಬೇರೆ ಮಾಡುವ ಗೆರೆ.

ನೇರ ಹೂಡಿಕೆಯನ್ನು ಬಡ್ಡಿದರದಿಂದ ವಿವರಿಸಲಾಗದು ಎನ್ನುವುದಕ್ಕೆ ಅವರು ಹಲವು ಆಧಾರಗಳನ್ನು ಮುಂದಿಟ್ಟರು. ಕಂಪನಿಗಳು ತಾವು ಕಾಲಿಟ್ಟ ದೇಶದಲ್ಲಿಯೇ ಸಾಲ ಎತ್ತುತ್ತಿದ್ದವು; ಬಡ್ಡಿಯ ಅಂತರವೇ ಕಾರಣವಾಗಿದ್ದರೆ ಹೀಗೆ ಮಾಡಬೇಕಾಗಿರಲಿಲ್ಲ. ಹೂಡಿಕೆಯು ಎಲ್ಲ ಉದ್ಯಮಗಳಿಗೂ ಹರಡದೆ ಕೆಲವೇ ಉದ್ಯಮಗಳಲ್ಲಿ ಗುಂಪುಗೂಡುತ್ತಿತ್ತು. ಒಂದೇ ಉದ್ಯಮದಲ್ಲಿ ಎರಡು ದೇಶಗಳ ಕಂಪನಿಗಳು ಪರಸ್ಪರರ ನೆಲದಲ್ಲಿ ಹೂಡಿಕೆ ಮಾಡುವುದೂ ಇತ್ತು.

ಹೊರದೇಶದಲ್ಲಿ ವ್ಯಾಪಾರ ನಡೆಸುವವನಿಗೆ ಭಾಷೆ, ಕಾನೂನು, ಅಲ್ಲಿನ ಪದ್ಧತಿ ಯಾವುದೂ ಸ್ಥಳೀಯನಿಗೆ ತಿಳಿದಷ್ಟು ತಿಳಿದಿರುವುದಿಲ್ಲ. ಸರ್ಕಾರದ ಮತ್ತು ಗ್ರಾಹಕರ ಪಕ್ಷಪಾತ, ವಿನಿಮಯ ದರದ ಏರಿಳಿತ ಇವುಗಳ ಹೊರೆಯೂ ಅವನ ಮೇಲಿರುತ್ತದೆ. ಇಷ್ಟಾದರೂ ಅವನು ಅಲ್ಲಿ ನೆಲೆಯೂರುವುದು ಹೇಗೆ? ಹೈಮರ್ ಅವರ ಉತ್ತರದಲ್ಲಿ ಎರಡು ಅಂಶಗಳು ಮುಖ್ಯ. ಮೊದಲನೆಯದು, ಆ ಕಂಪನಿಗೆ ಸ್ಥಳೀಯರಲ್ಲಿಲ್ಲದ ವಿಶೇಷ ಅನುಕೂಲವಿರಬೇಕು: ತಂತ್ರಜ್ಞಾನ, ಹೆಸರಾದ ಸರಕು, ಕಡಿಮೆ ವೆಚ್ಚದ ಉತ್ಪಾದನೆ, ಮಾರಾಟದ ಜಾಲ ಮುಂತಾದವು. ಅದನ್ನು ಬೇರೆಯವರಿಗೆ ಪರವಾನಗಿಯ ಮೂಲಕ ಮಾರುವುದಕ್ಕಿಂತ ತಾನೇ ಬಳಸಿಕೊಳ್ಳುವುದು ಲಾಭಕರವೂ ಆಗಿರಬೇಕು. ಎರಡನೆಯದು, ಎದುರಾಳಿಯನ್ನು ಕೊಂಡುಕೊಂಡೋ ಜೊತೆಗೂಡಿಯೋ ಪೈಪೋಟಿಯನ್ನು ಇಲ್ಲವಾಗಿಸುವ ಉದ್ದೇಶ. ಈ ವಿವೇಚನೆಯಲ್ಲಿ ಉದ್ಯಮ ಪ್ರವೇಶದ ಅಡೆತಡೆಗಳನ್ನು ಕುರಿತ ಜೋ ಬೇನ್ ಅವರ ಕೃತಿಯ ಪ್ರಭಾವವಿದೆ.

ಪ್ರಬಂಧವನ್ನು ಪ್ರಕಟಿಸಬೇಕೆಂದು ಕಿಂಡಲ್‌ಬರ್ಗರ್ ಶಿಫಾರಸು ಮಾಡಿದರೂ ಸಂಸ್ಥೆಯ ಸಮಿತಿ ಒಪ್ಪಲಿಲ್ಲ. ವಾದವು ತೀರ ಸರಳವಾಗಿದೆ ಎಂಬುದು ಆಕ್ಷೇಪವಾಗಿತ್ತು. ಅಚ್ಚಾಗದಿದ್ದರೂ ಅದು ವಿದ್ವಾಂಸರ ನಡುವೆ ಕೈಯಿಂದ ಕೈಗೆ ಸಾಗಿತು. 1969ರಲ್ಲಿ ಪ್ರಕಟವಾದ ಕಿಂಡಲ್‌ಬರ್ಗರ್ ಅವರ 'ಅಮೆರಿಕನ್ ಬಿಸಿನೆಸ್ ಅಬ್ರಾಡ್' ಕೃತಿಯ ಮೂಲಕ ಶಿಷ್ಯರ ವಿಚಾರಗಳು ಇನ್ನಷ್ಟು ಪ್ರಚಾರ ಪಡೆದವು. 1976ರಲ್ಲಿ ಎಂ.ಐ.ಟಿ. ಮುದ್ರಣಾಲಯವು ಪ್ರಬಂಧವನ್ನು ಹೊರತಂದಾಗ ಅದಕ್ಕೆ ಮುನ್ನುಡಿ ಬರೆದವರೂ ಕಿಂಡಲ್‌ಬರ್ಗರ್ ಅವರೇ.

ವೃತ್ತಿಜೀವನ

ಪದವಿಯ ನಂತರ ಹೈಮರ್ ಕೆಲಕಾಲ ಆಗಷ್ಟೇ ಸ್ವತಂತ್ರವಾಗಿದ್ದ ಆಫ್ರಿಕದ ಘಾನಾ ದೇಶದಲ್ಲಿದ್ದರು. ಅಲ್ಲಿನ ಅನುಭವ ಅವರ ಬರಹದ ದಿಕ್ಕನ್ನು ವಿಸ್ತರಿಸಿತು. ರೆಜಿನಾಲ್ಡ್ ಗ್ರೀನ್ ಅವರೊಡನೆ 1966ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಘಾನಾದ ಕೋಕೋ ಕೃಷಿಯನ್ನು ಬೆಳೆಸಿದವರು ಸ್ಥಳೀಯ ರೈತರೇ ಹೊರತು ಬ್ರಿಟಿಷ್ ಆಡಳಿತದ ಕೃಷಿ ತಜ್ಞರಲ್ಲ ಎಂಬುದನ್ನು ಎತ್ತಿ ತೋರಿಸಿದರು.

1964ರಿಂದ 1970ರವರೆಗೆ ಅವರು ಯೇಲ್ ವಿಶ್ವವಿದ್ಯಾಲಯದಲ್ಲಿ ಬೋಧಿಸಿದರು. ಸ್ಟೀಫನ್ ರೆಸ್ನಿಕ್ ಅವರೊಡನೆ 1969ರಲ್ಲಿ ಬರೆದ ಲೇಖನವು ಗ್ರಾಮೀಣ ಆರ್ಥಿಕತೆಯ ಅಧ್ಯಯನದಲ್ಲಿ ಇಂದಿಗೂ ಸ್ಮರಣೀಯ. ರೈತ ಕುಟುಂಬವು ಬೇಸಾಯದ ಜೊತೆಗೆ ನೂಲುವುದು, ನೇಯುವುದು, ಪಾತ್ರೆಪಡಗ ಮಾಡುವುದು, ಮನೆ ಕಟ್ಟುವುದು ಮುಂತಾದ ಕೆಲಸಗಳಿಗೂ ಸಮಯ ಕೊಡುತ್ತದೆ. ಇವುಗಳನ್ನು ಲೇಖಕರು 'ಝಡ್ ವಸ್ತುಗಳು' ಎಂದು ಕರೆದರು. ಹೊರಗಿನ ವ್ಯಾಪಾರ ಬೆಳೆದು ಕಾರ್ಖಾನೆಯ ಸರಕು ಬಂದಾಗ ಈ ಕೆಲಸಗಳು ಕ್ಷೀಣಿಸಿ, ಕುಟುಂಬದ ಶ್ರಮ ಮಾರಾಟದ ಬೆಳೆಯತ್ತ ತಿರುಗುವ ಬಗೆಯನ್ನು ಅವರು ವಿವರಿಸಿದರು.

ಕೆನಡಾ ಸರ್ಕಾರವು ಮೆಲ್ ವಾಟ್ಕಿನ್ಸ್ ಅವರ ನೇತೃತ್ವದಲ್ಲಿ ನೇಮಿಸಿದ ಅರ್ಥಶಾಸ್ತ್ರಜ್ಞರ ಕಾರ್ಯಪಡೆಯಲ್ಲಿ ಹೈಮರ್ ಸದಸ್ಯರಾಗಿದ್ದರು. ದೇಶದ ಕೈಗಾರಿಕೆಗಳಲ್ಲಿನ ವಿದೇಶಿ ಒಡೆತನವನ್ನು ಪರಿಶೀಲಿಸಿದ ಈ ಕಾರ್ಯಪಡೆಯ ವರದಿ 1968ರಲ್ಲಿ ಪ್ರಕಟವಾಗಿ ವ್ಯಾಪಕ ಚರ್ಚೆಗೆ ಕಾರಣವಾಯಿತು.

ವಿಚಾರಧಾರೆಯ ತಿರುವು

1960ರ ದಶಕದ ಕೊನೆಯ ಹೊತ್ತಿಗೆ ಹೈಮರ್ ಮಾರ್ಕ್ಸ್‌ವಾದದತ್ತ ವಾಲಿದರು. 1970ರಲ್ಲಿ ಯೇಲ್ ಬಿಟ್ಟು ನ್ಯೂಯಾರ್ಕಿನ ನ್ಯೂ ಸ್ಕೂಲ್ ಫಾರ್ ಸೋಷಿಯಲ್ ರಿಸರ್ಚ್ ಸೇರಿದರು. ಜಗದೀಶ್ ಭಗವತಿಯವರು ಸಂಪಾದಿಸಿ 1972ರಲ್ಲಿ ಪ್ರಕಟಿಸಿದ ಸಂಕಲನದಲ್ಲಿ ಅಸಮ ಬೆಳವಣಿಗೆಯ ನಿಯಮವನ್ನು ಕುರಿತ ಹೈಮರ್ ಅವರ ಪ್ರಸಿದ್ಧ ಲೇಖನ ಸೇರಿದೆ. ಬೃಹತ್ ಕಂಪನಿಯ ಆಡಳಿತದಲ್ಲಿ ಮೂರು ಹಂತಗಳಿರುತ್ತವೆ. ದಿನನಿತ್ಯದ ಉತ್ಪಾದನೆ ಲೋಕದ ನಾನಾ ಕಡೆ ಹರಡುತ್ತದೆ. ಮೇಲ್ವಿಚಾರಣೆ ದೊಡ್ಡ ನಗರಗಳಲ್ಲಿ ನೆಲೆಸುತ್ತದೆ. ಗುರಿ ಮತ್ತು ಯೋಜನೆಗಳನ್ನು ತೀರ್ಮಾನಿಸುವ ಅಧಿಕಾರ ಮಾತ್ರ ನ್ಯೂಯಾರ್ಕ್, ಲಂಡನ್, ಟೋಕಿಯೊಗಳಂಥ ಕೆಲವೇ ನಗರಗಳಲ್ಲಿ ಉಳಿಯುತ್ತದೆ. ಕಂಪನಿಯೊಳಗಿನ ಮೇಲುಕೀಳು ಹೀಗೆ ದೇಶ ದೇಶಗಳ ನಡುವಿನ ಮೇಲುಕೀಳಾಗಿ ಮಾರ್ಪಡುತ್ತದೆ ಎಂಬುದು ಅವರ ಎಚ್ಚರಿಕೆ. ರಾಬಿನ್ಸನ್ ಕ್ರೂಸೋ ಕಥೆಯನ್ನು ವಸಾಹತು ವ್ಯಾಪಾರ ಮತ್ತು ಬಂಡವಾಳ ಸಂಚಯನದ ದೃಷ್ಟಿಯಿಂದ ವಿಮರ್ಶಿಸಿದ 1971ರ ಲೇಖನವೂ ಪ್ರಸಿದ್ಧವಾಗಿದೆ.

ನಿಧನ

1974ರ ಫೆಬ್ರವರಿ 2ರಂದು ಕಾರು ಅಪಘಾತದಲ್ಲಿ ಹೈಮರ್ ಮೃತಪಟ್ಟರು. ಆಗ ಅವರ ವಯಸ್ಸು 39. ಅವರ ಲೇಖನಗಳ ಸಂಕಲನವನ್ನು 1979ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಮುದ್ರಣಾಲಯ ಪ್ರಕಟಿಸಿತು.

ಪ್ರಭಾವ ಮತ್ತು ವಿಮರ್ಶೆ

ಜಾನ್ ಡನಿಂಗ್ ಅವರ ಸಮನ್ವಯ ಸಿದ್ಧಾಂತದಲ್ಲಿ ಬರುವ ಒಡೆತನದ ಅನುಕೂಲ ಎಂಬ ಕಲ್ಪನೆ ಹೈಮರ್ ಅವರ ವಾದವನ್ನು ಮುಂದುವರಿಸುತ್ತದೆ. ಡನಿಂಗ್ ಮತ್ತು ಅಲನ್ ರಗ್ಮನ್ 1985ರಲ್ಲಿ ಈ ಪ್ರಬಂಧದ ಪ್ರಭಾವವನ್ನು ಕುರಿತೇ ಒಂದು ಲೇಖನ ಬರೆದರು. ಹೈಮರ್ ಏಕಸ್ವಾಮ್ಯದಿಂದ ಹುಟ್ಟುವ ಮಾರುಕಟ್ಟೆಯ ದೋಷಗಳಿಗೆ ಒತ್ತು ಕೊಟ್ಟು, ವಹಿವಾಟಿನ ವೆಚ್ಚದಿಂದ ಉಂಟಾಗುವ ದೋಷಗಳಿಗೆ ತಕ್ಕಷ್ಟು ಗಮನ ನೀಡಲಿಲ್ಲ ಎಂಬುದು ಅವರ ವಿಮರ್ಶೆ. 1968ರಲ್ಲಿ ಹೈಮರ್ ಫ್ರೆಂಚ್ ಭಾಷೆಯಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಈ ಎರಡನೆಯ ದೃಷ್ಟಿಯೂ ಇದೆಯೆಂದು ಮುಂದಿನ ಸಂಶೋಧಕರು ಗುರುತಿಸಿದ್ದಾರೆ.

ಅಂತರರಾಷ್ಟ್ರೀಯ ವ್ಯವಹಾರ ವಿಷಯದ ಪಿಎಚ್.ಡಿ. ಪ್ರಬಂಧಗಳಿಗೆಂದೇ ಈಗ ಪ್ರಶಸ್ತಿಗಳಿವೆ. ಅಕಾಡೆಮಿ ಆಫ್ ಇಂಟರ್‌ನ್ಯಾಷನಲ್ ಬಿಸಿನೆಸ್ ನೀಡುವ ಪ್ರಶಸ್ತಿಯು ಮೊದಲು ರಿಚರ್ಡ್ ಫಾರ್ಮರ್ ಅವರ ಹೆಸರಿನಲ್ಲಿತ್ತು. ಅನಂತರ ಪೀಟರ್ ಬಕ್ಲಿ ಮತ್ತು ಮಾರ್ಕ್ ಕ್ಯಾಸನ್ ಅವರ ಹೆಸರನ್ನು ಪಡೆಯಿತು. ಈ ಇಬ್ಬರು ಬಹುರಾಷ್ಟ್ರೀಯ ಉದ್ಯಮಗಳ ಭವಿಷ್ಯವನ್ನು ಕುರಿತು ಬರೆದ ಪ್ರಸಿದ್ಧ ಗ್ರಂಥ ಪ್ರಕಟವಾದದ್ದೂ 1976ರಲ್ಲಿಯೇ. ಸ್ವೀಡನ್ನಿನ ವಿದ್ವಾಂಸ ಗುನ್ನಾರ್ ಹೆಡ್‌ಲುಂಡ್ ಅವರ ನೆನಪಿನಲ್ಲಿಯೂ ಇಂಥ ಪ್ರಶಸ್ತಿಯೊಂದಿದೆ. ಇಂದು ತರುಣ ಸಂಶೋಧಕರ ಪ್ರಬಂಧಗಳನ್ನು ಗೌರವಿಸುತ್ತಿರುವ ಈ ಶಾಖೆಗೆ ಬುನಾದಿಯಾದದ್ದು, ಒಮ್ಮೆ ಅಚ್ಚಿಗೆ ಯೋಗ್ಯವಲ್ಲವೆಂದು ಬದಿಗಿಡಲಾದ 25 ವರ್ಷದ ವಿದ್ಯಾರ್ಥಿಯೊಬ್ಬರ ಪ್ರಬಂಧ.