ಎಂಟೇ ತಿಂಗಳು ನಿಂತ ಕಟ್ಟಡ, ಅಳಿಯದ ಹೆಸರು: ಕಲ್ಲುಕುಟಿಗನ ಮಗ ಮೀಸ್ ಕಥೆ

ವಿಶ್ವ ವಸ್ತುಪ್ರದರ್ಶನ ಅಂದ್ರೆ ಒಂದೊಂದು ದೇಶವೂ ತನ್ನ ಪೆವಿಲಿಯನ್ ಕಟ್ಟಿ, ನಮ್ಮಲ್ಲಿ ಏನೇನಿದೆ ನೋಡಿ ಎಂದು ತೋರಿಸುವ ಜಾಗ. ಆದರೆ 1929ರಲ್ಲಿ ಸ್ಪೇನಿನ ಬಾರ್ಸಿಲೋನಾದಲ್ಲಿ ಜರ್ಮನಿ ಕಟ್ಟಿದ ಪೆವಿಲಿಯನ್ ಒಳಗೆ ಯಂತ್ರವೂ ಇರಲಿಲ್ಲ, ಬಟ್ಟೆಬರೆಯೂ ಇರಲಿಲ್ಲ. ಕಲ್ಲು, ಗಾಜು, ಉಕ್ಕು, ನೀರು ಅಷ್ಟೇ. ಎಂಟು ತಿಂಗಳಿಗೆ ಅದನ್ನೂ ಬಿಚ್ಚಿ ಹಾಕಿದರು. ಆದರೂ ಕಳೆದ ಶತಮಾನದ ದೊಡ್ಡ ಕಟ್ಟಡಗಳ ಮಾತು ಬಂದಾಗ ಅದರ ಹೆಸರು ಬಂದೇ ಬರುತ್ತದೆ. ಅದರ ವಿನ್ಯಾಸಕಾರ ಲುಡ್ವಿಗ್ ಮೀಸ್ ವಾನ್ ಡೆರ್ ರೋಹೆ.

ಪದವಿ ಪಡೆಯದ ವಾಸ್ತುಶಿಲ್ಪಿ

ಮೀಸ್ ಹುಟ್ಟಿದ್ದು 1886ರಲ್ಲಿ, ಜರ್ಮನಿಯ ಆಹೆನ್ ಊರಲ್ಲಿ. ಅಪ್ಪನದು ಕಲ್ಲು ಕೆತ್ತುವ ಕಸುಬು. ಹುಡುಗ ಅಪ್ಪನ ಜತೆಗೇ ಕೆಲಸ ಕಲಿತ. ವಾಸ್ತುಶಿಲ್ಪದ ಪದವಿ ಅಂತ ಯಾವುದನ್ನೂ ಪಡೆಯಲಿಲ್ಲ. 1905ರಲ್ಲಿ ಬರ್ಲಿನ್‌ಗೆ ಹೋಗಿ, ಮುಂದೆ ಆ ಕಾಲದ ಹೆಸರಾಂತ ವಾಸ್ತುಶಿಲ್ಪಿ ಪೀಟರ್ ಬೆಹ್ರೆನ್ಸ್ ಕಚೇರಿ ಸೇರಿದರು. ಹುಟ್ಟುಹೆಸರು ಬರೀ ಮೀಸ್. ಬರ್ಲಿನ್‌ನಲ್ಲಿ ನೆಲೆಯೂರಿದ ಮೇಲೆ ತಾಯಿಯ ತವರಿನ ಹೆಸರು ರೋಹೆಯನ್ನೂ ಸೇರಿಸಿಕೊಂಡರು.

ಒಂದು ವರ್ಷವೂ ಸಿಗದ ಕೆಲಸ

ಮೊದಲ ಮಹಾಯುದ್ಧದಲ್ಲಿ ಸೋತಿದ್ದ ಜರ್ಮನಿಯಲ್ಲಿ ಆಗ ರಾಜನ ಆಳ್ವಿಕೆ ಹೋಗಿ ಪ್ರಜಾಪ್ರಭುತ್ವ ಬಂದಿತ್ತು. ತಾನೀಗ ಬದಲಾಗಿರುವ, ಶಾಂತಿ ಬಯಸುವ ದೇಶ ಎಂದು ಜಗತ್ತಿಗೆ ತೋರಿಸುವುದು ಸರ್ಕಾರಕ್ಕೆ ಬೇಕಿತ್ತು. 1928ರಲ್ಲಿ ಆ ಜವಾಬ್ದಾರಿ ಮೀಸ್ ಮತ್ತು ಅವರ ಸಹೋದ್ಯೋಗಿ ಲಿಲ್ಲಿ ರೈಶ್ ಅವರ ಹೆಗಲಿಗೆ ಬಿತ್ತು. ಸಮಯ ಒಂದು ವರ್ಷವೂ ಇರಲಿಲ್ಲ.

ಕಲ್ಲು ಹುಡುಕುವ ಹೊತ್ತಿಗೆ ಚಳಿಗಾಲ ಬಂದಿತ್ತು. ಗಣಿಯಿಂದ ಆಗಷ್ಟೇ ತೆಗೆದ ಕಲ್ಲಿನೊಳಗೆ ನೀರಿನ ಪಸೆ ಇರುತ್ತದೆ, ಅದು ಹೆಪ್ಪುಗಟ್ಟಿದರೆ ಕಲ್ಲೇ ಸೀಳಿಹೋಗುತ್ತದೆ. ಕಲ್ಲುಕುಟಿಗನ ಮಗನಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಒಣಗಿದ ಕಲ್ಲಿಗಾಗಿ ಡಿಪೋಗಳನ್ನು ಸುತ್ತಿದಾಗ ಹ್ಯಾಂಬರ್ಗ್‌ನಲ್ಲಿ ಹೊಂಬಣ್ಣದ ಆನಿಕ್ಸ್ ಬಂಡೆಯೊಂದು ಕಣ್ಣಿಗೆ ಬಿತ್ತು. ಕೂಡಲೇ ಮುಂಗಡ ಕೊಟ್ಟು ಹಿಡಿದಿಟ್ಟರು. ಆ ಬಂಡೆಯ ಎತ್ತರದ ಎರಡರಷ್ಟನ್ನೇ ಇಡೀ ಪೆವಿಲಿಯನ್ನಿನ ಎತ್ತರ ಎಂದು ತೀರ್ಮಾನಿಸಿದರು, ಸುಮಾರು 3 ಮೀಟರ್. ಅಳತೆಗೆ ತಕ್ಕ ಕಲ್ಲು ತರುವುದು ರೂಢಿ, ಇಲ್ಲಿ ಕಲ್ಲಿಗೆ ತಕ್ಕಂತೆ ಕಟ್ಟಡ ಎದ್ದಿತು.

ಮೊಂಜುಯಿಕ್ ಬೆಟ್ಟದ ಬುಡದಲ್ಲಿ ಟ್ರಾವರ್ಟೈನ್ ಕಲ್ಲಿನ ಜಗುಲಿ. ಅದರ ಮೇಲೆ ಎಂಟು ಉಕ್ಕಿನ ಕಂಬ, ಚಪ್ಪಟೆ ಸೂರು. ಭಾರವೆಲ್ಲ ಕಂಬದ ಮೇಲಿದ್ದರಿಂದ ಗೋಡೆಗಳು ಎಲ್ಲಿ ಬೇಕಾದರೂ ನಿಲ್ಲಬಹುದಿತ್ತು. ಹಾಗಾಗಿ ಕೋಣೆ, ಬಾಗಿಲು ಎಂಬ ಲೆಕ್ಕವೇ ಇಲ್ಲ, ನಡೆಯುತ್ತಾ ಹೋದರೆ ಒಳಗು ಯಾವುದು, ಹೊರಗು ಯಾವುದು ಅಂತ ಗೊತ್ತೇ ಆಗುವುದಿಲ್ಲ. ಎರಡು ಕೊಳ, ಒಂದರಲ್ಲಿ ಗೇಯಾರ್ಗ್ ಕೋಲ್ಬೆ ಕೆತ್ತಿದ ಹೆಣ್ಣಿನ ಪ್ರತಿಮೆ. 1929ರ ಮೇ ತಿಂಗಳಲ್ಲಿ ಸ್ಪೇನಿನ ದೊರೆ 13ನೇ ಅಲ್ಫಾನ್ಸೋ ಬಂದು ಉದ್ಘಾಟಿಸಿದರು. ರಾಜದಂಪತಿಗೆಂದೇ ಮಾಡಿಸಿದ ಕುರ್ಚಿ ಇಂದಿಗೂ ಬಾರ್ಸಿಲೋನಾ ಚೇರ್ ಹೆಸರಲ್ಲಿ ಮಾರಾಟವಾಗುತ್ತಿದೆ.

ಪ್ರದರ್ಶನ ಮುಗಿಯುತ್ತಿದ್ದಂತೆ, 1930ರ ಆರಂಭದಲ್ಲಿ ಎಲ್ಲವನ್ನೂ ಬಿಚ್ಚಿದರು. ಉಳಿದದ್ದು ನಕ್ಷೆ ಮತ್ತು ಕೆಲವು ಕಪ್ಪು-ಬಿಳುಪು ಫೋಟೊ ಮಾತ್ರ.

ಆಳುವವರು ಬದಲಾದಾಗ

1930ರಲ್ಲಿ ಮೀಸ್ ಹೆಸರಾಂತ ಬೌಹೌಸ್ ವಿನ್ಯಾಸ ಶಾಲೆಯ ಮುಖ್ಯಸ್ಥರಾದರು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ, ಅದೇ ವರ್ಷ ಶಾಲೆ ಮುಚ್ಚಿತು. ಅಭಿಮಾನಿಗಳಿಗೂ ಮುಜುಗರ ತರುವ ಅಧ್ಯಾಯ ಶುರುವಾಗುವುದು ಇಲ್ಲಿಂದ. 1934ರಲ್ಲಿ ಹಿಟ್ಲರ್‌ಗೆ ಬೆಂಬಲ ಸೂಚಿಸಿದ ಕಲಾವಿದರ ಮನವಿಗೆ ಮೀಸ್ ಕೂಡ ಸಹಿ ಹಾಕಿದರು. ಮರುವರ್ಷದ ಬ್ರಸೆಲ್ಸ್ ಪ್ರದರ್ಶನಕ್ಕೆ ಜರ್ಮನಿಯ ಪೆವಿಲಿಯನ್ ವಿನ್ಯಾಸದ ಸ್ಪರ್ಧೆಗೂ ನಕ್ಷೆ ಕಳಿಸಿದರು. ಪ್ರಜಾಪ್ರಭುತ್ವಕ್ಕೆ ಕಟ್ಟಿದ ಕೈ ಸರ್ವಾಧಿಕಾರಿಗೂ ಕಟ್ಟಲು ಸಿದ್ಧವಿತ್ತು. ಆದರೆ ಆ ನಕ್ಷೆಯನ್ನು ತಿರಸ್ಕರಿಸಲಾಯಿತು.

ಕೆಲಸ ಸಿಗದೆ ಕೊನೆಗೆ 1938ರಲ್ಲಿ ಅಮೆರಿಕದ ಶಿಕಾಗೊ ಸೇರಿದರು. ಅಲ್ಲಿ ಪಾಠ ಹೇಳಿದರು, ಉಕ್ಕು-ಗಾಜಿನ ಗೋಪುರ ಎತ್ತಿದರು. 1958ರಲ್ಲಿ ಮುಗಿದ ನ್ಯೂಯಾರ್ಕ್‌ನ ಸೀಗ್ರಾಂ ಕಟ್ಟಡ ಅವರದೇ. ನಗರಗಳಲ್ಲಿ ಇಂದು ಕಾಣುವ ಗಾಜಿನ ಆಫೀಸ್ ಕಟ್ಟಡಗಳ ಬೇರು ಹುಡುಕಿದರೆ ಅದು ಮೀಸ್ ತನಕ ಹೋಗುತ್ತದೆ.

ಲಿಲ್ಲಿ ರೈಶ್ ಮಾತ್ರ ಜರ್ಮನಿಯಲ್ಲೇ ಉಳಿದರು. ಯುದ್ಧದಲ್ಲಿ ಬಾಂಬು ಬೀಳುತ್ತಿದ್ದಾಗ ಮೀಸ್ ಬಿಟ್ಟುಹೋಗಿದ್ದ ಸಾವಿರಾರು ನಕ್ಷೆಗಳನ್ನು ಬರ್ಲಿನ್‌ನಿಂದ ಹೊರಗೆ ಸಾಗಿಸಿ ಕಾಪಾಡಿದ್ದು ಅವರೇ. 1947ರಲ್ಲಿ ತೀರಿಕೊಂಡರು. ಬಾರ್ಸಿಲೋನಾ ಪೆವಿಲಿಯನ್ನಿನಲ್ಲಿ ಅವರ ಪಾಲೆಷ್ಟು ಎಂಬ ಚರ್ಚೆ ಶುರುವಾಗಿದ್ದು ದಶಕಗಳ ನಂತರ.

ಅದೇ ಜಾಗದಲ್ಲಿ ಮತ್ತೆ

ಮೀಸ್ 1969ರ ಆಗಸ್ಟ್ 17ರಂದು ಶಿಕಾಗೊದಲ್ಲಿ ನಿಧನರಾದರು. ಆಮೇಲೆ ಬಾರ್ಸಿಲೋನಾದವರು ಹಳೇ ನಕ್ಷೆ, ಫೋಟೊ ಮುಂದಿಟ್ಟುಕೊಂಡು, ಪಾಯದ ಗುರುತು ಹುಡುಕಿ, 1983ರಲ್ಲಿ ಕೆಲಸ ಶುರು ಮಾಡಿದರು. 1986ರಲ್ಲಿ ಪೆವಿಲಿಯನ್ ಅದೇ ಜಾಗದಲ್ಲಿ ಮತ್ತೆ ಎದ್ದು ನಿಂತಿತು. ಕಟ್ಟಿಸಿದ ಸರ್ಕಾರ ನಾಲ್ಕೇ ವರ್ಷದಲ್ಲಿ ಮಣ್ಣಾಗಿತ್ತು. ಅದು ಹೇಳಲು ಹೊರಟಿದ್ದ ಮಾತು ಮಾತ್ರ ಆ ಜಗುಲಿಯ ಮೇಲೆ ಈಗಲೂ ನಿಂತಿದೆ.