ಗಡಿಯಾರಗಳು ತಾವಾಗಿಯೇ ಒಂದೇ ತಾಳಕ್ಕೆ ಬರುತ್ತವೆಯೇ? 1665ರಲ್ಲೇ ಉತ್ತರ ಕಂಡುಕೊಂಡ ಹೈಗನ್ಸ್

ಒಂದು ಹಲಗೆಯ ಮೇಲೆ ಹತ್ತಾರು ಮೆಟ್ರೊನೋಮ್‌ಗಳು. ಸಂಗೀತ ಕಲಿಯುವವರಿಗೆ ಟಕ್ ಟಕ್ ಎಂದು ತಾಳ ಹಾಕಿಕೊಡುವ ಪುಟ್ಟ ಯಂತ್ರಗಳಿವು. ಮೊದಲು ಒಂದೊಂದೂ ತನ್ನಿಷ್ಟದಂತೆ ಬಡಿಯುತ್ತದೆ. ಕೆಲವೇ ನಿಮಿಷಗಳಲ್ಲಿ ಎಲ್ಲವೂ ಒಂದೇ ತಾಳಕ್ಕೆ ಬರುತ್ತವೆ. ಇಂಥ ವಿಡಿಯೊ ನಿಮ್ಮ ಫೋನಿಗೂ ಬಂದಿರಬಹುದು. ದೃಶ್ಯ ನಿಜ. ಆದರೆ ಇದು ‘ಪಾಸಿಟಿವ್ ಎನರ್ಜಿ’ಯ ಪವಾಡ ಎಂದು ಯಾರಾದರೂ ಹೇಳಿದರೆ ನಂಬಬೇಕಿಲ್ಲ. ಕಾರಣವನ್ನು ಕ್ರಿಸ್ಟಿಯಾನ್ ಹೈಗನ್ಸ್ 350 ವರ್ಷಗಳ ಹಿಂದೆಯೇ ಪತ್ತೆಹಚ್ಚಿದ್ದರು.

ಯಾರು ಈ ಹೈಗನ್ಸ್?

ಹುಟ್ಟಿದ್ದು 1629ರ ಏಪ್ರಿಲ್ 14ರಂದು, ನೆದರ್‌ಲ್ಯಾಂಡ್ಸ್‌ನ ಹೇಗ್ ನಗರದಲ್ಲಿ. ತಂದೆ ಕವಿ, ರಾಜತಾಂತ್ರಿಕ. ಲೈಡನ್‌ನಲ್ಲಿ ಕಾನೂನು ಓದಿದ ಮಗನ ಮನಸ್ಸು ನೆಟ್ಟಿದ್ದು ಗಣಿತದಲ್ಲಿ. ಅಣ್ಣನ ಜೊತೆ ತಾವೇ ಮಸೂರ ಉಜ್ಜಿ ದೂರದರ್ಶಕ ಮಾಡಿಕೊಂಡು, 1655ರಲ್ಲಿ ಶನಿಯ ಉಪಗ್ರಹ ಟೈಟಾನ್ ಅನ್ನು ಕಂಡುಹಿಡಿದರು.

ಮರುವರ್ಷ ಲೋಲಕದ ಗಡಿಯಾರ ರೂಪಿಸಿದರು. ಅಲ್ಲಿಯವರೆಗಿನ ಗಡಿಯಾರಗಳು ದಿನಕ್ಕೆ ಸುಮಾರು 15 ನಿಮಿಷ ತಪ್ಪುತ್ತಿದ್ದವು. ಲೋಲಕ ಬಂದ ಮೇಲೆ ತಪ್ಪು ಸುಮಾರು 15 ಸೆಕೆಂಡಿಗೆ ಇಳಿಯಿತು.

ಹಾಸಿಗೆಯಿಂದಲೇ ಕಂಡ ವಿಚಿತ್ರ

ಆಗ ನಾವಿಕರಿಗೆ ನಿಖರ ಸಮಯ ಜೀವದ ಪ್ರಶ್ನೆಯಾಗಿತ್ತು. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಗಡಿಯಾರ ಅಷ್ಟು ತಪ್ಪಿದರೆ, ಸಮಭಾಜಕದ ಬಳಿ ಹಡಗಿನ ಲೆಕ್ಕ ಸುಮಾರು 111 ಕಿಲೋಮೀಟರ್ ತಪ್ಪುತ್ತದೆ. ಅದಕ್ಕೇ ಹೈಗನ್ಸ್ ಸಮುದ್ರಯಾನಕ್ಕೆಂದು ಜೋಡಿ ಗಡಿಯಾರ ಮಾಡಿಸಿದ್ದರು. ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಎಂದು.

1665ರ ಫೆಬ್ರುವರಿಯಲ್ಲಿ ಅನಾರೋಗ್ಯದಿಂದ ಕೋಣೆ ಬಿಟ್ಟು ಹೊರಬರಲಾಗದೆ ಇದ್ದಾಗ ಅವರ ಕಣ್ಣು ಆ ಜೋಡಿಯ ಮೇಲೆ ಬಿತ್ತು. ಎರಡೂ ಲೋಲಕಗಳು ಒಂದೇ ಲಯದಲ್ಲಿ, ಆದರೆ ಸರಿಯಾಗಿ ಎದುರುಬದುರಾಗಿ ತೂಗುತ್ತಿದ್ದವು. ಲಯ ಕೆಡಿಸಿದರೂ ಅರ್ಧ ಗಂಟೆಯೊಳಗೆ ಮತ್ತೆ ಅದೇ ಹೊಂದಾಣಿಕೆ!

ಮೊದಲು ಗಾಳಿಯ ಮೇಲೆ ಅನುಮಾನ ಬಂತು. ನಡುವೆ ಹಲಗೆ ಅಡ್ಡ ಇಟ್ಟರೂ ಹೊಂದಾಣಿಕೆ ಕೆಡಲಿಲ್ಲ. ಕುರ್ಚಿಗಳ ಮೇಲೆ ತೊಲೆ ಇಟ್ಟು ಗಡಿಯಾರ ತೂಗುಹಾಕಿದಾಗ, ಹೊಂದಾಣಿಕೆ ಬರುವ ಮೊದಲು ಕುರ್ಚಿಗಳೇ ಅಲುಗಿದವು. ಗುಟ್ಟು ಅಲ್ಲಿತ್ತು: ಒಂದರ ಓಲಾಟ ತೊಲೆಯ ಮೂಲಕ ಇನ್ನೊಂದನ್ನು ತಳ್ಳುತ್ತಿತ್ತು. ವಿಡಿಯೊದ ಮೆಟ್ರೊನೋಮ್‌ಗಳನ್ನು ಅಲುಗಾಡುವ ಹಲಗೆಯ ಮೇಲಿಡುವುದೂ ಇದಕ್ಕೇ. ಗಟ್ಟಿ ನೆಲದ ಮೇಲಿಟ್ಟರೆ ಹೊಂದಾಣಿಕೆ ಬರುವುದಿಲ್ಲ.

ಕಂಪ್ಯೂಟರ್‌ಗಳಿಗೆ ತೊಲೆ ಯಾವುದು?

ಕಾರ್ಖಾನೆಯ ರೋಬೋಟ್‌ಗಳು ಒಂದೇ ಕ್ಷಣಕ್ಕೆ ಕೈ ಎತ್ತಬೇಕು. ಆದರೆ ಪ್ರತಿ ಯಂತ್ರದ ಕ್ವಾರ್ಟ್ಜ್ ಗಡಿಯಾರವೂ ಚೂರುಪಾರು ಹಿಂದೆಮುಂದೆ ಓಡುತ್ತದೆ. ಇಲ್ಲಿ ತೊಲೆಯ ಕೆಲಸ ಮಾಡುವುದು ಈಥರ್‌ನೆಟ್ ಕೇಬಲ್. ಅದರಲ್ಲಿ ಹೋಗುವ ಸಂದೇಶದ ಕಟ್ಟಿಗೆ ಫ್ರೇಮ್ ಎನ್ನುತ್ತಾರೆ. ಅದರಲ್ಲಿ ಮೊದಲು ತಲುಪಬೇಕಾದವರ ವಿಳಾಸ 6 ಬೈಟ್, ನಂತರ ಕಳಿಸಿದವರದು 6 ಬೈಟ್, ಆಮೇಲೆ ಇದು ಯಾವ ಬಗೆಯ ಸಂದೇಶ ಎಂದು ಹೇಳುವ 2 ಬೈಟ್.

ಮುಖ್ಯ ಗಡಿಯಾರ ತನ್ನ ಫ್ರೇಮ್ ಹೊರಟ ಸಮಯ ತಿಳಿಸುತ್ತದೆ; ಪಡೆದ ಯಂತ್ರ ಅದು ತಲುಪಿದ ಸಮಯ ಬರೆದಿಟ್ಟುಕೊಳ್ಳುತ್ತದೆ. ಬಳಿಕ ತಾನೂ ಒಂದು ಫ್ರೇಮ್ ಕಳಿಸಿ, ಅದು ಯಾವಾಗ ತಲುಪಿತೆಂದು ಕೇಳುತ್ತದೆ. ಹೋಗಲು, ಬರಲು ಒಂದೇ ಹೊತ್ತು ಹಿಡಿಯುತ್ತದೆ ಎಂದುಕೊಂಡರೆ, ಈ ನಾಲ್ಕು ಸಮಯಗಳಿಂದ ತನ್ನ ಗಡಿಯಾರ ಎಷ್ಟು ತಪ್ಪಿದೆ ಎಂಬ ಲೆಕ್ಕ ಸಿಗುತ್ತದೆ. ಈ ಪದ್ಧತಿಯ ಮಾನದಂಡ ಮೊದಲು ಪ್ರಕಟವಾದದ್ದು 2002ರಲ್ಲಿ.

ಹೆಸರು ಉಳಿಯಿತು

ಹೈಗನ್ಸ್ 1666ರಿಂದ 1681ರವರೆಗೆ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯಲ್ಲಿದ್ದರು. ಹಡಗಿನ ಓಲಾಟಕ್ಕೆ ಅವರ ಲೋಲಕ ತಡೆದುಕೊಳ್ಳಲಿಲ್ಲ. ಆ ಸಮಸ್ಯೆ ಬಗೆಹರಿಸಿದ್ದು ಮುಂದಿನ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ಹ್ಯಾರಿಸನ್. ಮತ್ತೆ ಮತ್ತೆ ಕಾಡಿದ ಕಾಯಿಲೆಯಿಂದ ಊರಿಗೆ ಮರಳಿದ ಹೈಗನ್ಸ್ 1695ರ ಜುಲೈ 8ರಂದು ಹೇಗ್‌ನಲ್ಲೇ ತೀರಿಕೊಂಡರು. 2005ರಲ್ಲಿ ಟೈಟಾನ್ ಮೇಲೆ ಇಳಿದ ನೌಕೆಗೂ, 2018ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಗೂಗಲ್ ಸಂಶೋಧಕರು ಪ್ರಕಟಿಸಿದ ಗಡಿಯಾರ ಹೊಂದಿಸುವ ವಿಧಾನಕ್ಕೂ ಅವರದೇ ಹೆಸರು.

ನಮ್ಮ ತೀರ್ಮಾನ: ವಿಡಿಯೊ ನಿಜ, ‘ಎನರ್ಜಿ’ಯ ಕಥೆ ಸುಳ್ಳು. ಫಾರ್ವರ್ಡ್ ಮಾಡುವುದಿದ್ದರೆ, ಅಲುಗಾಡುವ ಹಲಗೆಯ ವಿಷಯವನ್ನೂ ಸೇರಿಸಿ ಕಳಿಸಿ.