ಶಿಲುಬೆಯ ದಾರಿ ಹಿಡಿದ ಧರ್ಮಗುರು: ಸಂತ ಜೋಸೆಫ್ ವಾಜ್

ಜನವರಿ 16 ಸಂತ ಜೋಸೆಫ್ ವಾಜ್‌ರವರ ಹಬ್ಬ. ಕರಾವಳಿಯ ನಮಗೆ ಅವರು ದೂರದ ಸಂತರಲ್ಲ. ಮುಡಿಪುವಿನ ಅವರ ಪುಣ್ಯಕ್ಷೇತ್ರಕ್ಕೆ ಹೋಗಿ ಹರಕೆ ಸಲ್ಲಿಸಿದ ಕುಟುಂಬಗಳು ನಮ್ಮ ಧರ್ಮಕೇಂದ್ರಗಳಲ್ಲಿ ಅನೇಕ. ಅಂಥ ಮನೆಗಳ ಮಕ್ಕಳಲ್ಲಿ ಎಷ್ಟೋ ಮಂದಿ ಇಂದು ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ ನೆಲೆಸಿದ್ದಾರೆ. 1882ರಲ್ಲಿ ಮೈಸೂರು ಮಹಾರಾಜರಾದ ಚಾಮರಾಜೇಂದ್ರ ಒಡೆಯರು ಆಂಗ್ಲೋ-ಇಂಡಿಯನ್ ಸಂಘಕ್ಕೆ ಕೊಟ್ಟ ಜಮೀನಿನಲ್ಲಿ ಹುಟ್ಟಿದ ಆ ಊರು, 1990ರ ದಶಕದಲ್ಲಿ ಐಟಿಪಿಎಲ್ ಬಂದ ಮೇಲೆ ಗುರುತು ಸಿಗದಷ್ಟು ಬೆಳೆದಿದೆ. ಅಲ್ಲಿ ನಮ್ಮ ಯುವಜನರು ಕಚೇರಿಯಲ್ಲಿ ತಂಡಗಳನ್ನು ಮುನ್ನಡೆಸುತ್ತಾರೆ. ಭಾನುವಾರ ಚರ್ಚಿನ ಪಾಲನಾ ಮಂಡಳಿಯಲ್ಲೂ ಗಾಯನ ಮಂಡಳಿಯಲ್ಲೂ ಸೇವೆ ಮಾಡುತ್ತಾರೆ. ಕಚೇರಿಯಲ್ಲಿ ಬಡ್ತಿ ಎಂದರೆ ಮೇಲೇರುವುದು. ಧರ್ಮಸಭೆಯಲ್ಲಿ ಮುಂದಾಳು ಆಗುವುದೆಂದರೆ ಏನು? ಈ ಪ್ರಶ್ನೆಗೆ ಜೋಸೆಫ್ ವಾಜ್‌ರವರು ತಮ್ಮ ಬದುಕಿನಿಂದಲೇ ಉತ್ತರ ಕೊಟ್ಟಿದ್ದಾರೆ.

ಅವರು ಹುಟ್ಟಿದ್ದು 1651ರ ಏಪ್ರಿಲ್ 21ರಂದು, ಗೋವಾದ ಬೆನಾಲಿಮ್‌ನಲ್ಲಿ. 1676ರಲ್ಲಿ ಯಾಜಕ ದೀಕ್ಷೆ ಪಡೆದರು. ಮರುವರ್ಷ ತಮ್ಮನ್ನು ಮಾತೆ ಮರಿಯಮ್ಮನವರ ದಾಸನೆಂದು ಪತ್ರ ಬರೆದು ಅರ್ಪಿಸಿಕೊಂಡರು. ಡಚ್ಚರ ಆಳ್ವಿಕೆಯಲ್ಲಿ ಗುರುಗಳಿಲ್ಲದೆ ಕಂಗಾಲಾಗಿದ್ದ ಸಿಲೋನ್, ಅಂದರೆ ಇಂದಿನ ಶ್ರೀಲಂಕಾದ ಕ್ರೈಸ್ತರ ಬಳಿಗೆ ಹೋಗಬೇಕೆಂಬುದು ಅವರ ಹಂಬಲವಾಗಿತ್ತು. ಆದರೆ ಮೇಲಧಿಕಾರಿಗಳು 1681ರಲ್ಲಿ ಅವರನ್ನು ಕಳುಹಿಸಿದ್ದು ನಮ್ಮ ಕೆನರಾಕ್ಕೆ. ತಮ್ಮ ಇಚ್ಛೆಯನ್ನು ಬದಿಗಿಟ್ಟು ವಿಧೇಯರಾಗಿ ಬಂದರು. ಅವರ ಶಿಲುಬೆಯ ದಾರಿ ಅಲ್ಲಿಂದಲೇ ಆರಂಭವಾಯಿತು ಎನ್ನಬಹುದು.

ಆಗ ಈ ನಾಡನ್ನು ಆಳುತ್ತಿದ್ದವರು ಕೆಳದಿಯ ರಾಣಿ ಚೆನ್ನಮ್ಮಾಜಿ. ಕಥೋಲಿಕರ ನಿಜವಾದ ಸಂಕಟ ಮಾತ್ರ ಹೊರಗಿನಿಂದ ಬಂದುದಲ್ಲ, ಒಳಗಿನದು. ಪೋರ್ಚುಗಲ್ ದೊರೆಯ ಪದ್ರುವಾದೋ ಹಕ್ಕಿನಡಿ ಗೋವಾದಿಂದ ಬಂದ ಗುರುಗಳು ಒಂದು ಕಡೆ. ರೋಮ್ ನೇಮಿಸಿದ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊರವರ ಗುರುಗಳು ಇನ್ನೊಂದು ಕಡೆ. ಯಾರ ಅಧಿಕಾರ ಸರಿ, ಯಾರು ನೀಡಿದ ಸಂಸ್ಕಾರ ಸಿಂಧು ಎಂಬ ಜಗಳದಲ್ಲಿ ಬಡ ಭಕ್ತರು ನಲುಗಿಹೋಗಿದ್ದರು. ಜೋಸೆಫ್ ವಾಜ್‌ರವರು ಗೋವಾದ ಪರವಾಗಿ ಬಂದ ವಿಗಾರ್ ಆಗಿದ್ದರು. ಅವರಿಗೆ ತಮ್ಮ ಪಕ್ಷವನ್ನು ಗೆಲ್ಲಿಸುವ ಅವಕಾಶವಿತ್ತು. ಆದರೆ ಅವರು ಎದುರಾಳಿ ಎನಿಸಿಕೊಂಡವರನ್ನು ಗೌರವದಿಂದಲೇ ಕಂಡರು, ಮಾತುಕತೆಯ ದಾರಿ ಹಿಡಿದರು, ಜನರಿಗೆ ಸಂಸ್ಕಾರಗಳು ತಪ್ಪದಂತೆ ನೋಡಿಕೊಂಡರು. ಹಳ್ಳಿಯಿಂದ ಹಳ್ಳಿಗೆ ನಡೆದು ಪಾಪನಿವೇದನೆ ಕೇಳಿದರು, ಧರ್ಮೋಪದೇಶ ನೀಡಿದರು, ರೋಗಿಗಳನ್ನು ಸಂತೈಸಿದರು. ಮೂರು ವರ್ಷಗಳಲ್ಲಿ ಈ ಸೇವೆ ಮುಗಿಸಿ 1684ರಲ್ಲಿ ಗೋವಾಕ್ಕೆ ಮರಳಿದರು.

ಮರುವರ್ಷ ಅವರು ಹಳೇ ಗೋವಾದಲ್ಲಿ ಗುರುಗಳ ಪುಟ್ಟ ಸಮುದಾಯವೊಂದನ್ನು ಸೇರಿದರು. ಅದು ನೆಲೆಸಿದ್ದ ದೇವಾಲಯದ ಹೆಸರು ಪವಾಡಗಳ ಪವಿತ್ರ ಶಿಲುಬೆ. ಆ ಶಿಲುಬೆಯ ನೆರಳಿನಿಂದಲೇ 1686ರಲ್ಲಿ ಸಿಲೋನಿಗೆ ಹೊರಟರು. ಜೊತೆಗಿದ್ದವನು ಜುವಾಂವ್ ಎಂಬ ಸೇವಕ. ಡಚ್ಚರು ಅಲ್ಲಿ ಕಥೋಲಿಕ ಗುರುಗಳ ಪ್ರವೇಶವನ್ನೇ ನಿಷೇಧಿಸಿದ್ದರು. ಆದ್ದರಿಂದ ಬ್ರಾಹ್ಮಣ ಮನೆತನದ ಈ ಗುರು ಕೂಲಿಯವನ ವೇಷ ತೊಟ್ಟರು. ಜಾಫ್ನಾ ತಲುಪಿದಾಗ ಆಮಶಂಕೆಯಿಂದ ಸಾವಿನ ಅಂಚಿನಲ್ಲಿದ್ದರು. ಕೊರಳಲ್ಲಿ ಜಪಸರ ಧರಿಸಿ ಮನೆಮನೆಗೆ ಭಿಕ್ಷೆಗೆ ಹೋದರು. ಅದನ್ನು ನೋಡಿ ಯಾರ ಮುಖ ಅರಳುತ್ತದೆಯೋ ಅವರೇ ಗುಪ್ತ ಕ್ರೈಸ್ತರೆಂದು ತಿಳಿದುಕೊಂಡರು. ತಮಿಳು ಮತ್ತು ಸಿಂಹಳ ಭಾಷೆಗಳನ್ನು ಕಲಿತರು. ಜನರು ತಮ್ಮ ಭಾಷೆಗೆ ಬರಲಿ ಎಂದು ಕಾಯಲಿಲ್ಲ, ತಾವೇ ಜನರ ಭಾಷೆಗೆ ಹೋದರು.

1692ರಲ್ಲಿ ಕ್ಯಾಂಡಿಗೆ ಬಂದಾಗ ಪೋರ್ಚುಗೀಸರ ಗೂಢಚಾರನೆಂಬ ಆರೋಪದ ಮೇಲೆ ಅವರನ್ನು ಸೆರೆಯಲ್ಲಿಟ್ಟರು. ಕ್ರಮೇಣ ಬೌದ್ಧ ದೊರೆ ಎರಡನೇ ವಿಮಲಧರ್ಮಸೂರ್ಯನಿಗೆ ಅವರ ನಿಷ್ಕಪಟತನ ಮನವರಿಕೆಯಾಯಿತು. 1697ರಲ್ಲಿ ಸಿಡುಬು ಹಬ್ಬಿದಾಗ ಹೆತ್ತವರು ಮಕ್ಕಳನ್ನೂ ಮಕ್ಕಳು ಹೆತ್ತವರನ್ನೂ ಕಾಡಿನಲ್ಲಿ ಬಿಟ್ಟು ಓಡಿದರು. ಜೋಸೆಫ್ ವಾಜ್‌ರವರು ಮತ್ತು ಜೋಸೆಫ್ ಕಾರ್ವಾಲೊರವರು ಆ ರೋಗಿಗಳಿಗೆ ಉಣಿಸಿದರು, ಹುಣ್ಣು ತೊಳೆದರು, ಸತ್ತವರನ್ನು ಮಣ್ಣುಮಾಡಿದರು. ಕ್ರೈಸ್ತರು, ಬೌದ್ಧರು ಎಂಬ ಭೇದ ಮಾಡಲಿಲ್ಲ. ಮುಂದೆ ಪೋಪ್ ಜಗದ್ಗುರುಗಳ ಪ್ರತಿನಿಧಿ ದೆ ತೂರ್ನೊನ್‌ರವರು ಅವರನ್ನು ಧರ್ಮಾಧ್ಯಕ್ಷರನ್ನಾಗಿ ಮಾಡಲು ಬಯಸಿದಾಗ ವಿನಯದಿಂದ ನಿರಾಕರಿಸಿದರು. 1711ರ ಜನವರಿ 16ರಂದು ಕ್ಯಾಂಡಿಯಲ್ಲಿಯೇ ದೇವರ ಪಾದ ಸೇರಿದರು. ಪೋಪ್ ಎರಡನೇ ಜಾನ್ ಪೌಲ್‌ರವರು 1995ರಲ್ಲಿ ಕೊಲಂಬೊದಲ್ಲಿ ಅವರನ್ನು ಪುನೀತರೆಂದೂ, ಪೋಪ್ ಫ್ರಾನ್ಸಿಸ್‌ರವರು 2015ರ ಜನವರಿ 14ರಂದು ಅದೇ ನಗರದಲ್ಲಿ ಸಂತರೆಂದೂ ಘೋಷಿಸಿದರು.

ಪ್ರಿಯ ಓದುಗರೇ, ಶಿಲುಬೆ ಎಂದರೆ ಕಷ್ಟ ಎಂದಷ್ಟೇ ನಾವು ತಿಳಿದರೆ ಅರ್ಧ ತಿಳಿದಂತೆ. ಕಷ್ಟ ಎಲ್ಲರಿಗೂ ಬರುತ್ತದೆ. ಪ್ರಭು ಯೇಸು ಶಿಲುಬೆಯ ಮೇಲೆ ತಮಗೆ ಹಕ್ಕಾಗಿದ್ದ ಮಹಿಮೆಯನ್ನು ನಮಗಾಗಿ ಬಿಟ್ಟುಕೊಟ್ಟರು; ಆ ಪ್ರೀತಿಯಿಂದ ನಮಗೆ ರಕ್ಷಣೆ ದೊರೆಯಿತು. ಜೋಸೆಫ್ ವಾಜ್‌ರವರು ಆ ಪ್ರೀತಿಯನ್ನೇ ಅನುಸರಿಸಿದರು. ಕೆನರಾದಲ್ಲಿ ಗೆಲುವನ್ನು ಬಿಟ್ಟರು, ಜಾಫ್ನಾದಲ್ಲಿ ಕುಲದ ಮಾನವನ್ನು ಬಿಟ್ಟರು, ಕೊನೆಗೆ ಪದವಿಯನ್ನೇ ಬಿಟ್ಟರು. ಬಿಟ್ಟಷ್ಟೂ ಜನರು ಪ್ರಭುವಿಗೆ ಹತ್ತಿರವಾದರು.

ವೈಟ್‌ಫೀಲ್ಡಿನಂಥ ಕಡೆ ಕೊಂಕಣಿ, ಕನ್ನಡ, ತಮಿಳು, ಮಲಯಾಳಂ ಮಾತನಾಡುವವರು ಒಂದೇ ಬಲಿಪೀಠದ ಸುತ್ತ ಸೇರುತ್ತಾರೆ. ಯಾವ ಭಾಷೆಯ ಪೂಜೆ ಎಷ್ಟು ಹೊತ್ತಿಗೆ, ಯಾರು ಅಧ್ಯಕ್ಷರು, ಹಬ್ಬದ ದಿನ ವೇದಿಕೆಯ ಮೇಲೆ ಯಾರು ಎಂಬ ಮಾತುಗಳು ಎಲ್ಲಿಯೂ ಏಳಬಹುದು, ನಮ್ಮ ಕರಾವಳಿಯಲ್ಲೂ ಏಳುತ್ತವೆ. ನ್ಯಾಯ ಕೇಳುವುದು ತಪ್ಪಲ್ಲ. ಆದರೆ ನಮ್ಮ ಪಕ್ಷ ಗೆದ್ದು ಒಬ್ಬ ಬಡವನಿಗೆ ಪರಮಪ್ರಸಾದ ತಪ್ಪಿದರೆ ಆ ಗೆಲುವು ಯಾರಿಗೆ ಬೇಕು? ಗುರುಗಳಾಗಲಿ, ಮಂಡಳಿಯ ಸದಸ್ಯರಾಗಲಿ, ಮೊದಲು ಬಿಟ್ಟುಕೊಡುವವರೇ ನಿಜವಾದ ಮುಂದಾಳುಗಳು. ಈ ವರವನ್ನು ಸಂತ ಜೋಸೆಫ್ ವಾಜ್‌ರವರು ನಮಗಾಗಿ ಪ್ರಭುವಿನಲ್ಲಿ ಬೇಡಲಿ.